ರೋಮ್ ಊರಿನ ಹೊಟ್ಟೆ: ಸಾಮ್ರಾಜ್ಯ ಆಳೋ ಕೆಲಸ ಒಂದು ರಾಜಧಾನೀನ ಹೇಗೆ ಬದಲಾಯಿಸ್ತು

ರೋಮ್ ಸಿಟಿಯ ದಕ್ಷಿಣ ಭಾಗದಲ್ಲಿ, ಟೈಬರ್ ನದಿ ದಡದ ಹತ್ರ ಒಂದು ಗುಡ್ಡ ಇದೆ, ಮೊಂಟೆ ತೆಸ್ತಾಚ್ಯೋ ಅಂತ ಹೆಸರು. ಎತ್ತರ ಸುಮಾರು 35 ಮೀಟರ್, ಬುಡದ ಸುತ್ತ ಒಂದು ರೌಂಡ್ ಹಾಕಿದ್ರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಮೇಲೆಲ್ಲ ಹುಲ್ಲು ಬೆಳೆದಿದೆ, ಗಿಡಗಂಟಿ ಇದೆ, ದೂರದಿಂದ ನೋಡಿದ್ರೆ ಮಾಮೂಲಿ ಗುಡ್ಡಾನೇ. ಕಾಲಲ್ಲಿ ಸ್ವಲ್ಪ ಮಣ್ಣು ಕೆದಕಿ ನೋಡಿದ್ರೆ ಗೊತ್ತಾಗುತ್ತೆ, ಇದರಲ್ಲಿ ಬಂಡೆ ಇಲ್ಲ, ಕಲ್ಲಿಲ್ಲ, ಬುಡದಿಂದ ತುದಿವರೆಗೂ ಬರೀ ಒಡೆದ ಮಡಿಕೆ ಚೂರು. ಎಷ್ಟು ಮಡಿಕೆ ಅಂದ್ರೆ, 5 ಕೋಟಿಗೂ ಜಾಸ್ತಿ ಅಂತ ಅಂದಾಜು ಮಾಡಿದ್ದಾರೆ.

ಇವು ಅಡುಗೆಮನೆ ಮಡಿಕೆ ಅಲ್ಲ, ಎಣ್ಣೆ ಗುಡಾಣಗಳು. ದುಂಡು ಹೊಟ್ಟೆ, ಎರಡು ಪುಟ್ಟ ಹಿಡಿ, ಖಾಲಿ ಇದ್ದಾಗಲೇ 30 ಕಿಲೋ ತೂಕ, ಒಳಗೆ ಸುಮಾರು 70 ಕಿಲೋ ಆಲಿವ್ ಎಣ್ಣೆ ಹಿಡಿಸ್ತಿತ್ತು. ಬಹುಪಾಲು ಬಂದಿದ್ದು ಈಗಿನ ಸ್ಪೇನ್ ದೇಶದ ದಕ್ಷಿಣದಿಂದ, ಗ್ವಾಡಲ್ಕಿವಿರ್ ನದಿ ಬಯಲಿಂದ, ಉಳಿದದ್ದು ಹೆಚ್ಚಾಗಿ ಉತ್ತರ ಆಫ್ರಿಕಾದಿಂದ. ಬೇರೆ ಗುಡಾಣ ಆದ್ರೆ ತೊಳೆದು ಮತ್ತೆ ಬಳಸ್ತಿದ್ರು, ಆದ್ರೆ ಎಣ್ಣೆ ಜೇಡಿಮಣ್ಣೊಳಗೆ ಇಳಿದು ಕಮಟು ವಾಸನೆ ಹಿಡಿದುಬಿಡುತ್ತೆ, ಅದಕ್ಕೆ ಎಣ್ಣೆ ಸುರಿದುಕೊಂಡಾದ ಮೇಲೆ ಒಡೆದು ಇಲ್ಲಿ ಹಾಕ್ತಿದ್ರು. ಬೇಕಾಬಿಟ್ಟಿ ಎಸೆದಿದ್ದಲ್ಲ ಮತ್ತೆ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಅಂಚಿಗೆ ಚೂರು ತುಂಬಿದ ಗುಡಾಣಗಳನ್ನೇ ತಡೆಗೋಡೆ ಥರ ನಿಲ್ಲಿಸಿ, ವಾಸನೆ ಬರದೇ ಇರಲಿ ಅಂತ ಮೇಲೆ ಸುಣ್ಣ ಎರಚಿದ್ದಾರೆ. ಒಂದೊಂದು ಚೂರಿನ ಮೇಲೆ ಇನ್ನೂ ಶಾಯಿ ಬರಹ ಉಳಿದಿದೆ, ಖಾಲಿ ತೂಕ ಇಷ್ಟು, ಎಣ್ಣೆ ತೂಕ ಇಷ್ಟು, ಕಳಿಸಿದ ವ್ಯಾಪಾರಿ ಇಂಥವನು, ತಪಾಸಣೆ ಇಂಥ ಕಡೆ ಆಯ್ತು, ಇಂಥ ವರ್ಷ ಅಂತ. ಈಗ ನಾವು ಗೂಡ್ಸ್ ಲಾರಿ ಜೊತೆ ಬಿಲ್ಲು ಕಳಿಸ್ತೀವಲ್ಲ, ಅದೇ ಕೆಲಸ, ಮಡಿಕೆ ಮೈಮೇಲೆ ಬರೆದಿದ್ದು ಅಷ್ಟೇ. 1872ರಲ್ಲಿ ಹೈನ್ರಿಷ್ ಡ್ರೆಸೆಲ್ ಅನ್ನೋ ಜರ್ಮನ್ ವಿದ್ವಾಂಸ ಈ ಬರಹಗಳನ್ನ ಕೂತು ಓದೋಕೆ ಶುರು ಮಾಡಿದ, ಇವತ್ತಿಗೂ ಈ ನಮೂನೆ ಗುಡಾಣಕ್ಕೆ ಡ್ರೆಸೆಲ್ 20 ಅಂತಲೇ ಹೆಸರು.

ನಂಗೆ ರೋಮ್ ಅಂದ್ರೆ ಮೊದಲು ನೆನಪಾಗೋದು ಕೊಲೋಸಿಯಂ ಅಲ್ಲ, ಈ ಕಸದ ಗುಡ್ಡ. ಯಾಕಂದ್ರೆ ನಾವು ಸ್ಕೂಲಲ್ಲಿ ಓದಿದ್ದು ರೋಮ್ ಅನ್ನೋ ಊರು ದೊಡ್ಡ ಸಾಮ್ರಾಜ್ಯ ಕಟ್ತು ಅಂತ. ಅದು ನಿಜಾನೇ. ಆದ್ರೆ ಅದರ ಇನ್ನೊಂದು ಮಗ್ಗುಲನ್ನ ಯಾರೂ ಸರಿಯಾಗಿ ಹೇಳಿಕೊಡಲಿಲ್ಲ, ಸಾಮ್ರಾಜ್ಯ ಆಳೋ ಕೆಲಸ ತಿರುಗಿ ಬಂದು ಆ ಊರನ್ನೇ ಬೇರೆ ಮಾಡಿಬಿಡ್ತು. ಅಲ್ಲಿ ಯಾರು ಇದ್ರು, ಏನು ತಿಂದ್ರು, ಮನೆ ಎಷ್ಟು ಮಹಡಿ ಕಟ್ಟಿದ್ರು, ನೀರು ಎಲ್ಲಿಂದ ಬಂತು, ಊರಿಗೆ ಕೋಟೆ ಗೋಡೆ ಬೇಕಾ ಬೇಡ್ವಾ, ಎಲ್ಲಾನೂ ತೀರ್ಮಾನ ಆಗಿದ್ದು ದೂರದ ಪ್ರಾಂತ್ಯಗಳ ಜೊತೆಗಿನ ಸಂಬಂಧದಿಂದ. ಕೊನೆಗೆ ಊರು ತನ್ನ ಕಾಲ ಮೇಲೆ ತಾನು ನಿಲ್ಲೋಕೆ ಆಗದೇ ಇರೋ ಸ್ಥಿತಿಗೆ ಬಂತು, ಜಗತ್ತನ್ನೇ ಆಳ್ತಿದ್ದ ಊರು ಹಡಗು ಯಾವಾಗ ಬರುತ್ತೋ ಅಂತ ಕಾಯ್ಕೊಂಡು ಕೂರೋ ಹಾಗಾಯ್ತು. ಇದು ಹೇಗಾಯ್ತು ಅಂತ ಒಂದೊಂದಾಗಿ ನೋಡೋಣ.

ಮೊದಲು ಜನ. ಶುರುವಲ್ಲಿ ರೋಮ್ ಒಂದು ನದಿ ದಾಟೋ ಜಾಗ, ಸುತ್ತ ಗುಡ್ಡಗಳು, ಸಮುದ್ರದ ಕಡೆಯಿಂದ ಉಪ್ಪು ಸಾಗಿಸೋ ದಾರಿ, ಸುತ್ತಮುತ್ತ ಹೊಲ ಇರೋ ರೈತರೇ ಸೈನಿಕರು, ಯುದ್ಧ ಮುಗಿದ ಮೇಲೆ ಮನೆಗೆ ಹೋಗಿ ಕೊಯ್ಲು ಮಾಡೋರು. ಯುದ್ಧ ಹತ್ತಿರದಲ್ಲಿ ನಡೀತಿದ್ದಾಗ ಇದು ನಡೀತಿತ್ತು. ಉತ್ತರ ಆಫ್ರಿಕಾದ ಕಾರ್ಥೇಜ್ ಜೊತೆ ಕ್ರಿ.ಪೂ. 218ರಿಂದ 201ರವರೆಗೆ ಯುದ್ಧ, ಆಮೇಲೆ ಸ್ಪೇನ್, ಆಮೇಲೆ ಗ್ರೀಸ್, ಆಮೇಲೆ ಏಷ್ಯಾ ಅಂತ ವರ್ಷಗಟ್ಟಲೆ ಊರು ಬಿಟ್ಟು ಹೋಗೋ ಹಾಗಾದಾಗ ಎಷ್ಟೋ ಜನರ ಹೊಲ ಪಾಳು ಬಿತ್ತು, ಸಾಲ ಆಯ್ತು, ಪಕ್ಕದ ಶ್ರೀಮಂತ ಕೊಂಡ್ಕೊಂಡ. ಆ ಶ್ರೀಮಂತನಿಗೆ ಕೂಲಿಗೆ ಆಳು ಹುಡುಕೋ ತಾಪತ್ರಯನೇ ಇಲ್ಲ, ಅದೇ ಯುದ್ಧಗಳಿಂದ ಗುಲಾಮರು ಬರ್ತಿದ್ರು. ಕ್ರಿ.ಪೂ. 167ರಲ್ಲಿ ಗ್ರೀಸ್ ಪಕ್ಕದ ಎಪಿರಸ್ ಅನ್ನೋ ಒಂದೇ ಸೀಮೆಯಿಂದ 70 ಊರು ಲೂಟಿ ಮಾಡಿ 1,50,000 ಜನರನ್ನ ಗುಲಾಮರಾಗಿ ಮಾರಿದ್ರು ಅಂತ ದಾಖಲೆ ಇದೆ. ಆ ಸಂಖ್ಯೆ ಓದೋವಾಗ ಒಂದು ಸಲ ನಿಲ್ಲಬೇಕು, ಅಷ್ಟು ಮನೆಗಳಲ್ಲಿ ಅವತ್ತು ಸಂಜೆ ಒಲೆ ಹಚ್ಚೋಕೆ ಯಾರೂ ಇರಲಿಲ್ಲ.

ಅದೇ ವರ್ಷ ರೋಮನ್ ನಾಗರಿಕರಿಗೆ ಇನ್ನೊಂದು ಬದಲಾವಣೆ ಆಯ್ತು. ಮ್ಯಾಸಿಡೋನಿಯಾದಿಂದ ಬಂದ ಖಜಾನೆ ಎಷ್ಟಿತ್ತು ಅಂದ್ರೆ ನಾಗರಿಕರು ಕಟ್ಟಬೇಕಿದ್ದ ನೇರ ತೆರಿಗೇನ ನಿಲ್ಲಿಸಿಬಿಟ್ರು. ಅಂದ್ರೆ ಅವತ್ತಿಂದ ಊರಿನ ಖರ್ಚು ಊರಿನವರದ್ದಲ್ಲ, ಹೊರಗಿನವರದ್ದು. ನನ್ನ ಪ್ರಕಾರ ಇಡೀ ಕಥೆಯ ಗಂಟು ಇರೋದು ಇಲ್ಲೇ, ಗೆದ್ದ ಯುದ್ಧಗಳಿಗಿಂತ ಈ ಒಂದು ತೀರ್ಮಾನ ಊರನ್ನ ಜಾಸ್ತಿ ಬದಲಾಯಿಸ್ತು.

ಹೊಲ ಕಳ್ಕೊಂಡ ರೈತ ಎಲ್ಲಿಗೆ ಹೋಗ್ತಾನೆ? ದುಡ್ಡು ಓಡಾಡೋ ಕಡೆಗೆ. ಗುಲಾಮರಾಗಿ ಬಂದವರೂ ಅಲ್ಲಿಗೇ, ಬಿಡುಗಡೆ ಆದ ಗುಲಾಮನಿಗೆ ರೋಮ್ ನಾಗರಿಕತ್ವ ಸಿಗ್ತಿತ್ತು, ಅವನೂ ಅಲ್ಲೇ ಅಂಗಡಿ ಇಟ್ಕೊಂಡು ಉಳೀತಿದ್ದ. ಸಿರಿಯಾ, ಗ್ರೀಸ್, ಈಜಿಪ್ಟ್, ಆಫ್ರಿಕಾ, ಯಹೂದಿಗಳು, ಈಗಿನ ಫ್ರಾನ್ಸ್ ಕಡೆಯ ಗಾಲ್‌ಗಳು, ಎಲ್ಲರೂ ಸೇರ್ಕೊಂಡು ಮೊದಲ ಚಕ್ರವರ್ತಿ ಅಗಸ್ಟಸ್ ಕಾಲಕ್ಕೆ, ಅಂದ್ರೆ ಕ್ರಿಸ್ತಶಕ ಶುರುವಾಗೋ ಹೊತ್ತಿಗೆ, ಊರಲ್ಲಿ ಸುಮಾರು 10 ಲಕ್ಷ ಜನ ಇದ್ರು ಅಂತ ಬಹಳಷ್ಟು ಇತಿಹಾಸಕಾರರ ಅಂದಾಜು. ಮೋಟಾರು ಇಲ್ಲ, ಕರೆಂಟು ಇಲ್ಲ, ಫ್ರಿಜ್ ಇಲ್ಲ, 10 ಲಕ್ಷ ಜನ.

ಇವರನ್ನೆಲ್ಲ ಎಲ್ಲಿಡೋದು? ಜಾಗ ಇಲ್ಲ ಅಂದ್ಮೇಲೆ ಮೇಲಕ್ಕೆ ಕಟ್ಟಬೇಕು. ಇನ್ಸುಲಾ ಅಂತ ಕರೀತಿದ್ದ ಬಾಡಿಗೆ ಬಿಲ್ಡಿಂಗುಗಳು, ಕೆಳಗೆ ಅಂಗಡಿ, ಮೇಲೆ ನಾಲ್ಕೈದು ಮಹಡಿ ಕೋಣೆಗಳು, ಮೇಲೆ ಹೋದಷ್ಟೂ ಬಾಡಿಗೆ ಕಮ್ಮಿ ಕೋಣೆ ಚಿಕ್ಕದು, ನೀರು ಕೆಳಗಿಂದ ಹೊತ್ಕೊಂಡು ಹೋಗ್ಬೇಕು, ಬೆಂಕಿ ಬಿದ್ರೆ ಮೇಲಿನವನಿಗೇ ಕೊನೆಗೆ ಗೊತ್ತಾಗೋದು. ಬಿಲ್ಡಿಂಗು ಕುಸಿಯೋದು ಎಷ್ಟು ಮಾಮೂಲಿ ಆಗಿತ್ತು ಅಂದ್ರೆ ಅಗಸ್ಟಸ್ 70 ರೋಮನ್ ಅಡಿ ಮೀರಿ ಕಟ್ಟಬಾರದು ಅಂತ ರೂಲ್ ತಂದ, ಮುಂದೆ ಟ್ರಾಜನ್ ಚಕ್ರವರ್ತಿ ಅದನ್ನ 60ಕ್ಕೆ ಇಳಿಸಿದ. ಬೀದಿ ಎಷ್ಟು ಇಕ್ಕಟ್ಟು ಅಂದ್ರೆ ಸೀಸರ್ ಕಾಲದ ಕಾನೂನು ಹಗಲು ಹೊತ್ತಲ್ಲಿ ಗಾಡಿಗಳನ್ನೇ ಊರೊಳಗೆ ಬಿಡ್ತಿರಲಿಲ್ಲ, ಕಟ್ಟಡದ ಸಾಮಾನಿಗೆ ಮತ್ತೆ ಕೆಲವಕ್ಕೆ ಮಾತ್ರ ವಿನಾಯಿತಿ, ಹಾಗಾಗಿ ರಾತ್ರಿಯೆಲ್ಲ ಕಲ್ಲು ಹಾಸಿನ ಮೇಲೆ ಚಕ್ರದ ಸದ್ದು. ಕ್ರಿ.ಶ. 6ರಲ್ಲಿ ಬೆಂಕಿ ಆರಿಸೋಕೆ, ರಾತ್ರಿ ಕಾವಲಿಗೆ ಅಂತ ಬಿಡುಗಡೆಯಾದ ಗುಲಾಮರ 7 ತುಕಡಿ ಮಾಡಿದ್ರು, ಅದರ ಖರ್ಚಿಗೆ ದುಡ್ಡು ಗುಲಾಮರ ಮಾರಾಟದ ಮೇಲಿನ ತೆರಿಗೆಯಿಂದ. ಅಷ್ಟಾದ್ರೂ ಕ್ರಿ.ಶ. 64ರ ಬೆಂಕಿಯಲ್ಲಿ 14 ವಿಭಾಗದಲ್ಲಿ ಪೂರ್ತಿ ಉಳಿದಿದ್ದು 4 ಮಾತ್ರ.

ಈಗ ಊಟದ ವಿಷಯ, ಇದನ್ನ ಸ್ವಲ್ಪ ನಿಧಾನವಾಗಿ ನೋಡಬೇಕು ಯಾಕಂದ್ರೆ ಇಡೀ ವ್ಯವಸ್ಥೆ ನಿಂತಿದ್ದು ಇದರ ಮೇಲೆ. ತಲೆಗೆ ವರ್ಷಕ್ಕೆ 200 ಕಿಲೋ ಗೋಧಿ ಅಂತ ಲೆಕ್ಕ ಹಾಕಿದ್ರೂ 10 ಲಕ್ಷ ಜನಕ್ಕೆ 2 ಲಕ್ಷ ಟನ್ ಆಗುತ್ತೆ, ಈಗಿನ 10 ಟನ್ ಲಾರೀಲಿ ತರೋದಾದ್ರೆ 20 ಸಾವಿರ ಲೋಡು. ಸುತ್ತಮುತ್ತಲ ಹೊಲದಿಂದ ಅಷ್ಟು ಬರಲ್ಲ, ದೂರದಿಂದ ಎತ್ತಿನಗಾಡೀಲಿ ತರೋಣ ಅಂದ್ರೆ ದಾರಿ ಉದ್ದ ಆದಷ್ಟೂ ಎತ್ತಿನ ಮೇವು, ಗಾಡಿಯವನ ಊಟ, ಎಲ್ಲ ಸೇರಿ ಗೋಧಿ ರೇಟು ಏರ್ತಾ ಹೋಗುತ್ತೆ. ಇಟಲಿಯೊಳಗಿನ ಒಂದು ದೂರದ ಊರಿಂದ ಗಾಡೀಲಿ ತರೋದಕ್ಕಿಂತ ಆಫ್ರಿಕಾದಿಂದ ಹಡಗಲ್ಲಿ ತರೋದು ಅಗ್ಗ ಆಗ್ತಿತ್ತು. ಹಾಗಾಗಿ ಸಿಸಿಲಿ, ಸಾರ್ಡಿನಿಯಾ, ಆಮೇಲೆ ಈಗಿನ ಟುನೀಶಿಯಾ ಕಡೆಯ ಆಫ್ರಿಕಾ, ಕ್ರಿ.ಪೂ. 30ರಿಂದ ಈಜಿಪ್ಟ್, ಇವು ರೋಮ್‌ನ ಕಣಜ ಆದವು. ಇದರಲ್ಲಿ ತುಂಬಾ ಭಾಗ ಕೊಂಡಿದ್ದಲ್ಲ, ತೆರಿಗೆ ಮತ್ತೆ ಗೇಣಿ ರೂಪದಲ್ಲಿ ಬರ್ತಿದ್ದಿದ್ದು. ನೈಲ್ ದಡದ ರೈತ ಕಣದಲ್ಲಿ ಅಳೆದು ಕೊಟ್ಟ ಗೋಧಿ, ಟೈಬರ್ ದಡದವನ ತಟ್ಟೆಗೆ.

ಕ್ರಿ.ಪೂ. 123ರಲ್ಲಿ ಗಾಯಸ್ ಗ್ರಾಕಸ್ ಅನ್ನೋ ನಾಯಕ, ನಾಗರಿಕರಿಗೆ ಸರ್ಕಾರದ ಕಡೆಯಿಂದ ಗೊತ್ತುಪಡಿಸಿದ ಕಮ್ಮಿ ರೇಟಿಗೆ ಗೋಧಿ ಕೊಡಬೇಕು ಅಂತ ಕಾನೂನು ಮಾಡಿದ. ಇದಕ್ಕೆ ಬರೀ ಓಟಿನ ಆಸೆ ಅಂತ ಆಗಲೂ ಬೈದ್ರು, ಈಗಲೂ ಕೆಲವರು ಹಾಗೇ ಬರೀತಾರೆ. ನಂಗೆ ಅದು ಒಪ್ಪಿಗೆ ಇಲ್ಲ. ಯುದ್ಧದ ಲಾಭ ಎಲ್ಲ ಸೆನೆಟರ್‌ಗಳ ಮನೆಗೆ ಹೋಗ್ತಿರೋವಾಗ ಯುದ್ಧ ಮಾಡಿದವನ ಮನೆಗೂ ಸ್ವಲ್ಪ ಬರಲಿ ಅನ್ನೋದು ನ್ಯಾಯವಾದ ಮಾತೇ. ಅವನ ಅಣ್ಣ ಟೈಬೀರಿಯಸ್ ಹತ್ತು ವರ್ಷ ಮೊದಲು ಹೊಲ ಹಂಚೋಕೆ ಹೋಗಿ ಕೊಲೆ ಆಗಿದ್ದ, ಗಾಯಸ್ ಕೂಡ ಎರಡು ವರ್ಷದಲ್ಲಿ ಸತ್ತ, ಆದ್ರೆ ಗೋಧಿ ಹಂಚೋದನ್ನ ಕಾಯಂ ಆಗಿ ನಿಲ್ಲಿಸೋಕೆ ಯಾರಿಗೂ ಆಗ್ಲಿಲ್ಲ. ಕ್ರಿ.ಪೂ. 58ರಲ್ಲಿ ಕ್ಲೋಡಿಯಸ್ ಅನ್ನೋ ಇನ್ನೊಬ್ಬ ನಾಯಕ ಅದನ್ನ ಪೂರ್ತಿ ಫ್ರೀ ಮಾಡಿದ. ಪಟ್ಟಿ ಬೆಳೀತಾ ಹೋಗಿ 3,20,000ಕ್ಕೆ ಮುಟ್ಟಿದಾಗ ಸೀಸರ್ ಅದನ್ನ 1,50,000ಕ್ಕೆ ಇಳಿಸಿದ, ಅಗಸ್ಟಸ್ ಕಾಲಕ್ಕೆ 2 ಲಕ್ಷದ ಆಸುಪಾಸಲ್ಲಿ ನಿಂತ್ಕೊಳ್ತು. ತಿಂಗಳಿಗೆ ತಲೆಗೆ 5 ಮೋಡಿಯಸ್, ಅಂದ್ರೆ ಸುಮಾರು 33 ಕಿಲೋ. ಇದು ಬಡವರಿಗೆ ಅಂತ ಮಾಡಿದ ರೇಷನ್ ಅಲ್ಲ, ಗಮನಿಸಿ, ರೋಮ್ ಊರಲ್ಲಿ ವಾಸ ಇರೋ ಗಂಡಸು ನಾಗರಿಕನ ಹಕ್ಕು. ಹೆಂಗಸರಿಗಿಲ್ಲ, ಗುಲಾಮನಿಗಿಲ್ಲ, ಪಕ್ಕದ ಊರಲ್ಲಿರೋ ನಾಗರಿಕನಿಗೂ ಇಲ್ಲ. ಸಾಮ್ರಾಜ್ಯದ ಮಾಲೀಕರಲ್ಲಿ ನೀನೂ ಒಬ್ಬ ಅಂತ ತೋರಿಸೋ ಪಾಲು ಅದು.

ಪಾಲು ಅಂತ ಒಂದು ಸಲ ಕೊಟ್ಮೇಲೆ ನಿಲ್ಲಿಸೋಕೆ ಆಗಲ್ಲ, ತಡ ಆದ್ರೂ ಜನ ಸುಮ್ನಿರಲ್ಲ. ಕ್ರಿ.ಶ. 51ರಲ್ಲಿ ಊರಲ್ಲಿ ಇನ್ನು 15 ದಿನಕ್ಕಾಗುವಷ್ಟು ಮಾತ್ರ ಕಾಳು ಉಳಿದಿತ್ತು. ಚಕ್ರವರ್ತಿ ಕ್ಲಾಡಿಯಸ್ ಫೋರಂ ಅನ್ನೋ ಊರಿನ ಮುಖ್ಯ ಚೌಕದಲ್ಲಿದ್ದಾಗ ಜನ ಸುತ್ತುವರಿದ್ರು, ಬೈದ್ರು, ಒಣಗಿದ ರೊಟ್ಟಿ ಚೂರು ಎಸೆದ್ರು, ಬ್ರಿಟನ್ ಗೆದ್ದ ಚಕ್ರವರ್ತಿ ಅರಮನೆಯ ಹಿಂಬಾಗಿಲಿಂದ ಒಳಗೆ ತಪ್ಪಿಸ್ಕೊಂಡು ಹೋಗ್ಬೇಕಾಯ್ತು. ಅವತ್ತಿಂದ ಅವನು ಚಳಿಗಾಲದಲ್ಲೂ ಹಡಗು ಬಿಡೋ ವ್ಯಾಪಾರಿಗಳಿಗೆ, ಬಿರುಗಾಳಿಗೆ ಸಿಕ್ಕಿ ನಷ್ಟ ಆದ್ರೆ ಅದನ್ನ ನಾನು ತುಂಬಿಕೊಡ್ತೀನಿ ಅಂತ ಭರವಸೆ ಕೊಟ್ಟ, ಹಡಗು ಕಟ್ಟಿಸೋರಿಗೆ ಬೇರೆ ಬೇರೆ ಸವಲತ್ತು ಕೊಟ್ಟ. ಮೆಡಿಟರೇನಿಯನ್ ಸಮುದ್ರದಲ್ಲಿ ಸುಮಾರು ನವೆಂಬರ್‌ನಿಂದ ಮಾರ್ಚ್‌ವರೆಗೆ ಹಡಗು ಓಡಿಸೋದು ಪ್ರಾಣದ ಜೊತೆ ಆಟ, ಆ ಕಾಲದಲ್ಲಿ ಹಡಗುಗಳು ಬಂದರಲ್ಲೇ ಇರ್ತಿದ್ವು, ಆದ್ರೆ ಹೊಟ್ಟೆ ಆ ಕ್ಯಾಲೆಂಡರ್ ಕೇಳಲ್ಲ.

ಅದಕ್ಕೇ ಈಜಿಪ್ಟ್‌ಗೆ ಬೇರೆ ರೂಲ್ಸೇ ಇತ್ತು. ಅಲ್ಲಿಗೆ ಸೆನೆಟರ್ ಯಾರೂ ಚಕ್ರವರ್ತಿ ಪರ್ಮಿಷನ್ ಇಲ್ಲದೇ ಕಾಲಿಡೋ ಹಾಗಿರಲಿಲ್ಲ, ಯಾಕಂದ್ರೆ ಅಲೆಕ್ಸಾಂಡ್ರಿಯಾ ಬಂದರು ಹಿಡಿದವನ ಕೈಲಿ ರೋಮ್‌ನ ಕುತ್ತಿಗೆ ಇರುತ್ತೆ. ಕ್ರಿ.ಶ. 69ರಲ್ಲಿ ಪಟ್ಟಕ್ಕಾಗಿ ಒಳಜಗಳ ನಡೀತಿದ್ದಾಗ ವೆಸ್ಪಾಸಿಯನ್ ಅನ್ನೋ ಸೇನಾಪತಿ ಮಾಡಿದ್ದು ಅದೇ, ತಾನು ನೇರ ರೋಮ್‌ಗೆ ನುಗ್ಗಲಿಲ್ಲ, ಈಜಿಪ್ಟ್‌ಗೆ ಹೋಗಿ ಕೂತ.

ಇಷ್ಟೆಲ್ಲ ಹಡಗು ಬಂದು ನಿಲ್ಲೋಕೆ ಜಾಗ ಬೇಕಲ್ಲ. ಟೈಬರ್ ಸಮುದ್ರ ಸೇರೋ ಕಡೆ ಓಸ್ಟಿಯಾ ಅನ್ನೋ ಊರಿತ್ತು, ಆದ್ರೆ ನದಿ ಬಾಯಿ ಹೂಳು ತುಂಬಿ ಆಳ ಕಮ್ಮಿ, ದೊಡ್ಡ ಹಡಗು ಒಳಗೆ ಬರಲ್ಲ. ಈಜಿಪ್ಟ್ ಹಡಗುಗಳು ನೇಪಲ್ಸ್ ಹತ್ರದ ಪುಟಿಯೋಲಿಯಲ್ಲಿ ಮಾಲು ಇಳಿಸಿ, ಅಲ್ಲಿಂದ ಸಣ್ಣ ದೋಣಿಗಳಲ್ಲಿ ದಡದ ಪಕ್ಕ ಪಕ್ಕ ತರಬೇಕಿತ್ತು. ಕ್ರಿ.ಶ. 42ರಲ್ಲಿ ಕ್ಲಾಡಿಯಸ್ ಓಸ್ಟಿಯಾದ ಉತ್ತರಕ್ಕೆ ಹೊಸ ಬಂದರು ಕಟ್ಟಿಸೋಕೆ ಶುರು ಮಾಡಿದ, ಇಂಜಿನಿಯರ್‌ಗಳು ಇದರ ಖರ್ಚು ಕೇಳಿದ್ರೆ ನೀವೇ ಬೇಡ ಅಂತೀರಾ ಅಂದ್ರಂತೆ, ಅವನು ಬಿಡಲಿಲ್ಲ. ಸಮುದ್ರದೊಳಗೆ ಎರಡು ದೊಡ್ಡ ತಡೆಗೋಡೆ, ಮಧ್ಯೆ ದೀಪಸ್ತಂಭ. ದೀಪಸ್ತಂಭದ ಅಡಿಪಾಯಕ್ಕೆ ಏನು ಹಾಕಿದ್ರು ಗೊತ್ತಾ? ಈಜಿಪ್ಟ್‌ನಿಂದ ಒಂದು ಏಕಶಿಲೆಯ ಸ್ತಂಭ ತಂದಿದ್ದ ಭಾರಿ ಹಡಗು ಕೆಲಸವಿಲ್ಲದೆ ನಿಂತಿತ್ತು, ಅದರೊಳಗೆ ಕಾಂಕ್ರೀಟ್ ತುಂಬಿ ಅಲ್ಲೇ ಮುಳುಗಿಸಿದ್ರು. ಆ ಸ್ತಂಭ ಇವತ್ತು ವ್ಯಾಟಿಕನ್‌ನಲ್ಲಿ ಸೇಂಟ್ ಪೀಟರ್ಸ್ ಚರ್ಚಿನ ಮುಂದಿನ ಅಂಗಳದಲ್ಲಿ ನಿಂತಿದೆ.

ಅಷ್ಟು ಮಾಡಿದ್ರೂ ಕ್ರಿ.ಶ. 62ರಲ್ಲಿ ಬಿರುಗಾಳಿಗೆ ಅದೇ ಬಂದರೊಳಗೆ 200 ಹಡಗು ಮುಳುಗಿದವು, ಇನ್ನೂ 100 ದೋಣಿ ನದಿ ಮೇಲೆ ಬೆಂಕಿಗೆ ಹೋದವು. ಆಗ ನೀರೋ ಚಕ್ರವರ್ತಿ ಕೊಳೆತುಹೋಗಿದ್ದ ಸರ್ಕಾರಿ ಗೋಧೀನ ಎಲ್ಲರಿಗೂ ಕಾಣೋ ಹಾಗೆ ಟೈಬರ್‌ಗೆ ಸುರಿಸಿದ, ನಮ್ಮ ಹತ್ರ ಬೇಕಾದಷ್ಟಿದೆ ಹೆದರಬೇಡಿ ಅಂತ ತೋರಿಸೋಕೆ, ರೇಟೂ ಏರದ ಹಾಗೆ ನೋಡ್ಕೊಂಡ. ಅರ್ಧ ಶತಮಾನ ಆದ್ಮೇಲೆ ಟ್ರಾಜನ್ ಒಳಗಡೆ ಆರು ಮೂಲೆಯ ಇನ್ನೊಂದು ಬಂದರು ತೋಡಿಸಿದ ಮೇಲೆ ಹಡಗುಗಳಿಗೆ ನಿಜವಾದ ರಕ್ಷಣೆ ಸಿಕ್ತು. ರೋಮ್‌ನ ವಿಮಾನ ನಿಲ್ದಾಣದ ಪಕ್ಕದಲ್ಲೇ ಅದು ಈಗಲೂ ಕೆರೆ ಥರ ಇದೆ, ಆರೂ ಮೂಲೆ ಸ್ಪಷ್ಟ, ವಿಮಾನ ಇಳಿಯೋವಾಗ ಕಿಟಕಿ ಸೀಟು ಸಿಕ್ಕಿದವರು ನೋಡಬಹುದು.

ಬಂದರಿಂದ ಊರಿಗೆ ಇನ್ನೂ ಎರಡು ಮೂರು ದಿನ, ನದಿ ಪ್ರವಾಹಕ್ಕೆ ಎದುರಾಗಿ ದೋಣಿಗಳನ್ನ ದಡದಿಂದ ಹಗ್ಗ ಕಟ್ಟಿ ಎಳ್ಕೊಂಡು ಬರಬೇಕು. ಹಡಗಿಂದ ಮೂಟೆ ಇಳಿಸೋ ಹಮಾಲಿಗಳು, ಅಳೆಯೋರು, ಲೆಕ್ಕ ಬರೆಯೋರು, ದೋಣಿಯವರು, ಗೋಡೌನ್ ಕಾಯೋರು, ಒಬ್ಬೊಬ್ಬರದ್ದೂ ಒಂದೊಂದು ಸಂಘ ಇತ್ತು, ಓಸ್ಟಿಯಾದಲ್ಲಿ ಆ ಸಂಘದ ಆಫೀಸುಗಳ ಮುಂದೆ ನೆಲಕ್ಕೆ ಕಪ್ಪು ಬಿಳಿ ಕಲ್ಲಲ್ಲಿ ಹಡಗು, ಅಳತೆ ಪಾತ್ರೆ ಚಿತ್ರ ಮಾಡಿರೋದು ಈಗಲೂ ಇದೆ. ಮೇಲೆ ಇದನ್ನೆಲ್ಲ ನೋಡ್ಕೊಳ್ಳೋಕೆ ಧಾನ್ಯದ ಅಧಿಕಾರಿ ಅಂತ ಒಂದು ಹುದ್ದೆ, ಸಾಮ್ರಾಜ್ಯದ ಅತಿ ದೊಡ್ಡ ಹುದ್ದೆಗಳಲ್ಲೊಂದು. ಊರಿನ ದಕ್ಷಿಣ ದಡ ಪೂರ್ತಿ ಉಗ್ರಾಣ, ಅವುಗಳ ಹಿಂದೆ ನಾನು ಮೊದಲು ಹೇಳಿದ ಗುಡ್ಡ. ಮುಂದೆ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿ ಕಾಲಕ್ಕೆ ಎಣ್ಣೇನೂ ಹಂಚೋಕೆ ಶುರುವಾಯ್ತು, ಆಮೇಲೆ ಆರೇಲಿಯನ್ ಚಕ್ರವರ್ತಿ ಗೋಧಿ ಬದಲು ಬೇಯಿಸಿದ ರೊಟ್ಟೀನೇ ಕೊಡಿಸಿದ, ಜೊತೆಗೆ ಹಂದಿ ಮಾಂಸ.

ಈ ಸರಪಳಿಯ ಕೊನೇ ಕೊಂಡಿ ರೊಟ್ಟಿ ಬೇಯಿಸೋನು. ಅಂಥ ಒಬ್ಬನ ಸಮಾಧಿ ರೋಮ್‌ನ ಪೋರ್ತಾ ಮಜ್ಜೋರೆ ಅನ್ನೋ ಹೆಬ್ಬಾಗಿಲ ಹತ್ರ ಇದೆ, ಕ್ರಿ.ಪೂ. ಮೊದಲನೇ ಶತಮಾನದ್ದು. ಹೆಸರು ಯೂರಿಸಾಸೆಸ್, ಗ್ರೀಕ್ ಹೆಸರು, ಬಿಡುಗಡೆ ಆದ ಗುಲಾಮ ಇರಬೇಕು ಅಂತ ವಿದ್ವಾಂಸರ ಊಹೆ. ಸರ್ಕಾರಕ್ಕೆ ರೊಟ್ಟಿ ಕಂಟ್ರಾಕ್ಟ್ ಮಾಡ್ತಿದ್ದವನು. ಸಮಾಧಿ ತುಂಬಾ ವಿಚಿತ್ರ, ಗೋಡೆ ತುಂಬಾ ದೊಡ್ಡ ದೊಡ್ಡ ದುಂಡು ಬಾಯಿಗಳು, ಹಿಟ್ಟು ನಾದೋ ಯಂತ್ರದ ಆಕಾರ ಅಂತ ಹೇಳ್ತಾರೆ. ಮೇಲ್ಗಡೆ ಪಟ್ಟಿಯಲ್ಲಿ ಕೆತ್ತಿದ್ದಾರೆ: ಕಾಳು ತಂದು ಲೆಕ್ಕ ಬರೆಸೋರು, ಕತ್ತೆ ಕಟ್ಟಿ ಬೀಸೋ ಕಲ್ಲು ತಿರುಗಿಸೋರು, ಜರಡಿ ಹಿಡಿಯೋರು, ಹಿಟ್ಟು ನಾದೋರು, ಉದ್ದ ಬೆಂಚಿನ ಮುಂದೆ ನಿಂತು ಉಂಡೆ ಕಟ್ಟೋರು, ಉದ್ದ ಹಿಡಿಯ ಹಲಗೇಲಿ ಒಲೆಯೊಳಗೆ ರೊಟ್ಟಿ ತಳ್ಳೋನು, ಕೊನೆಗೆ ಬುಟ್ಟಿ ತುಂಬಾ ರೊಟ್ಟಿ ತಕ್ಕಡೀಲಿ ತೂಗ್ತಿರೋರು. ಸೆನೆಟರ್‌ಗಳ ಸಮಾಧಿ ಮೇಲೆ ಗೆದ್ದ ಯುದ್ಧ, ಏರಿದ ಹುದ್ದೆ ಇರುತ್ತೆ. ಇವನು ತನ್ನ ಭಟ್ಟಿಯನ್ನ ಕೆತ್ತಿಸಿದ. ಸಾಮ್ರಾಜ್ಯದ ರಾಜಧಾನಿ ದಿನಾ ಬೆಳಿಗ್ಗೆ ನಿಜವಾಗಲೂ ಹೇಗೆ ನಡೀತಿತ್ತು ಅಂತ ತೋರಿಸೋ ಇದಕ್ಕಿಂತ ಒಳ್ಳೇ ದಾಖಲೆ ನಂಗೆ ಗೊತ್ತಿಲ್ಲ.

ಇನ್ನು ಎಲ್ಲರೂ ಫೋಟೋ ತೆಗೆಸ್ಕೊಳ್ಳೋ ದೊಡ್ಡ ಕಟ್ಟಡಗಳು. ಚಕ್ರವರ್ತಿಗಳು ಬರೋಕೆ ಮುಂಚಿನ ಗಣರಾಜ್ಯದ ಕಾಲದಲ್ಲಿ ಗೆದ್ದು ಬಂದ ಪ್ರತಿ ಸೇನಾಪತಿಗೂ ಲೂಟಿಯ ಪಾಲಿತ್ತು, ಅದರಲ್ಲಿ ದೇವಸ್ಥಾನ, ಮಂಟಪ ಕಟ್ಟಿಸಿ ತನ್ನ ಹೆಸರು ಉಳಿಸ್ಕೊಳ್ತಿದ್ದ, ಮುಂದಿನ ಎಲೆಕ್ಷನ್‌ಗೂ ಆಗ್ತಿತ್ತು. ಹಾಗಾಗಿ ಊರು ಪ್ಲಾನ್ ಇಲ್ಲದೇ, ಒಬ್ಬೊಬ್ಬರ ಗೆಲುವು ಒಂದೊಂದು ಕಡೆ ನಿಂತ್ಕೊಂಡು ಬೆಳೀತು. ಪಾಂಪೆ ಅನ್ನೋ ಸೇನಾಪತಿ ಪೂರ್ವದ ಯುದ್ಧಗಳ ದುಡ್ಡಲ್ಲಿ ಕ್ರಿ.ಪೂ. 55ರಲ್ಲಿ ಊರಿನ ಮೊದಲ ಕಲ್ಲಿನ ಥಿಯೇಟರ್ ಕಟ್ಟಿಸಿದ. ಸೀಸರ್ ಗಾಲ್ ಲೂಟಿಯಲ್ಲಿ ಫೋರಂ ಕಟ್ಟೋಕೆ ಬರೀ ಸೈಟಿಗೇ 10 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಸುರಿದ. ಅಗಸ್ಟಸ್ ಬಂದ ಮೇಲೆ ವಿಜಯೋತ್ಸವ ಮೆರವಣಿಗೆ ರಾಜಮನೆತನಕ್ಕೆ ಮಾತ್ರ ಅಂತಾಯ್ತು, ಕ್ರಿ.ಪೂ. 19ರ ನಂತರ ಹೊರಗಿನವರಿಗೆ ಸಿಗಲೇ ಇಲ್ಲ, ಅದರ ಜೊತೆ ದೊಡ್ಡ ಕಟ್ಟಡ ಕಟ್ಟಿಸೋ ಅವಕಾಶವೂ ಒಂದೇ ಮನೆಗೆ ಹೋಯ್ತು. ಸೆನೆಟರ್‌ಗಳ ಮನೆಗಳಿದ್ದ ಪ್ಯಾಲಟೈನ್ ಗುಡ್ಡ ನಿಧಾನಕ್ಕೆ ಪೂರ್ತಿ ಚಕ್ರವರ್ತಿ ಮನೆಯೇ ಆಗಿಬಿಡ್ತು, ಇಂಗ್ಲಿಷಿನ ಪ್ಯಾಲೇಸ್ ಅನ್ನೋ ಪದ ಹುಟ್ಟಿದ್ದು ಆ ಗುಡ್ಡದ ಹೆಸರಿಂದಾನೇ, ನಮ್ಮ ಪ್ಯಾಲೇಸ್ ಗ್ರೌಂಡ್ಸ್ ಹೆಸರಿನ ಬೇರೂ ಅಲ್ಲಿಗೇ ಹೋಗುತ್ತೆ. ಕ್ರಿ.ಶ. 70ರಲ್ಲಿ ಜೆರುಸಲೇಮ್ ಸುಟ್ಟ ಲೂಟಿಯಿಂದ ಕೊಲೋಸಿಯಂ, ಡೇಸಿಯಾ ಅಂದ್ರೆ ಈಗಿನ ರೊಮೇನಿಯಾ ಲೂಟಿಯಿಂದ ಟ್ರಾಜನ್‌ನ ಫೋರಂ. ಅದಕ್ಕೆ ಜಾಗ ಮಾಡೋಕೆ ಗುಡ್ಡದ ಭುಜವನ್ನೇ ಕಡಿದ್ರು, ಎಷ್ಟು ಎತ್ತರ ಕಡಿದ್ವಿ ಅಂತ ತೋರಿಸೋಕೆ ಈ ಸ್ತಂಭ ಅಂತ ಟ್ರಾಜನ್ ಸ್ತಂಭದ ಬುಡದಲ್ಲೇ ಬರೆಸಿದ್ದಾರೆ.

ಕಲ್ಲೂ ಸಾಮ್ರಾಜ್ಯದ ಮ್ಯಾಪೇ. ಟುನೀಶಿಯಾದ ಹಳದಿ ಅಮೃತಶಿಲೆ, ಟರ್ಕಿ ಕಡೆಯ ನೇರಳೆ ಗೆರೆ ಇರೋದು, ಈಜಿಪ್ಟ್‌ನ ಕೆಂಪು ಕಲ್ಲು. ಪ್ಯಾಂಥಿಯನ್ ಮುಖಮಂಟಪದ ಬೂದು ಕಂಬಗಳು ಈಜಿಪ್ಟ್‌ನ ಪೂರ್ವ ಮರುಭೂಮಿಯ ಗಣಿಯಿಂದ ಬಂದವು, ಒಂದೊಂದು ಸುಮಾರು 12 ಮೀಟರ್ ಉದ್ದ, ಹತ್ತಿರ 60 ಟನ್ ತೂಕ, 100 ಕಿಲೋಮೀಟರಿಗೂ ಜಾಸ್ತಿ ಮರಳುಗಾಡಲ್ಲಿ ಎಳೆದು ನೈಲ್‌ಗೆ ತಂದು, ದೋಣಿ ಹತ್ತಿಸಿ, ಸಮುದ್ರ ದಾಟಿಸಿ, ಮತ್ತೆ ಟೈಬರ್ ಮೇಲೆ ಎಳೆದಿದ್ದು. ಇಟಲಿಯಲ್ಲಿ ಒಳ್ಳೇ ಕಲ್ಲಿಗೇನು ಬರ ಇರಲಿಲ್ಲ. ಅಷ್ಟು ದೂರದಿಂದ ತರಿಸೋಕೆ ನಮ್ಮ ಕೈಲಿ ಆಗುತ್ತೆ ಅಂತ ತೋರಿಸೋದೇ ಅಲ್ಲಿ ಮುಖ್ಯ.

ನೀರಿನ ಕಥೇನೂ ಹಾಗೇ. ಊರಿನ ಎರಡನೇ ಕಾಲುವೆ ಪಿರಸ್ ರಾಜನ ಮೇಲಿನ ಯುದ್ಧದ ಲೂಟಿಯಿಂದ ಕ್ರಿ.ಪೂ. 272ರಲ್ಲಿ ಶುರುವಾಗಿದ್ದು. ಕಾರ್ಥೇಜ್, ಗ್ರೀಸ್‌ನ ಕೊರಿಂತ್ ಎರಡೂ ಊರನ್ನ ನೆಲಸಮ ಮಾಡಿದ್ದು ಕ್ರಿ.ಪೂ. 146ರಲ್ಲಿ, ಅದಾಗಿ ಎರಡೇ ವರ್ಷಕ್ಕೆ ಮಾರ್ಸಿಯಾ ಕಾಲುವೆ ಕೆಲಸ ಶುರು, 91 ಕಿಲೋಮೀಟರ್, ಅದರಲ್ಲಿ ಹತ್ತು ಹನ್ನೊಂದು ಕಿಲೋಮೀಟರ್ ಬಿಟ್ಟು ಮಿಕ್ಕಿದ್ದೆಲ್ಲ ನೆಲದೊಳಗೆ, ಪಂಪ್ ಇಲ್ಲ, ಬರೀ ಇಳಿಜಾರಿನ ಲೆಕ್ಕದ ಮೇಲೆ ನೀರು ಹರೀಬೇಕು. ಒಟ್ಟು 11 ದೊಡ್ಡ ಕಾಲುವೆ ಆದವು. ಕ್ರಿ.ಶ. 97ರಲ್ಲಿ ನೀರಿನ ಅಧಿಕಾರಿಯಾಗಿ ಬಂದ ಫ್ರಾಂಟಿನಸ್ ಎಲ್ಲಾ ಕಾಲುವೆ ಅಳೆಸಿ ನೋಡಿದ್ರೆ ದಾಖಲೆಯ ನೀರಿಗೂ ಬರೋ ನೀರಿಗೂ ತಾಳೆ ಇಲ್ಲ, ನೀರು ಬಿಡೋರೇ ಕೈ ಬೆಚ್ಚಗೆ ಮಾಡ್ಕೊಂಡು ಬೀದಿ ಕೆಳಗಿನ ಪೈಪಿಗೆ ಕದ್ದು ತೂತು ಹಾಕಿ ಅಂಗಡಿಗಳಿಗೆ ಕನೆಕ್ಷನ್ ಕೊಟ್ಟಿದ್ರು, ಅವನು ಆ ಸೀಸದ ಪೈಪುಗಳನ್ನೆಲ್ಲ ಕೀಳಿಸಿದ.

ನಮ್ಮ ಕಡೆಗೂ ಇದರ ಒಂದು ಎಳೆ ಬರುತ್ತೆ. ಡೊಮಿಷಿಯನ್ ಚಕ್ರವರ್ತಿ ಫೋರಂ ಪಕ್ಕದಲ್ಲೇ ಮೆಣಸಿನ ಗೋಡೌನ್ ಕಟ್ಟಿಸಿದ, ಊರಿನ ಅತಿ ದುಬಾರಿ ಜಾಗದಲ್ಲಿ ದಕ್ಷಿಣ ಭಾರತದ ಕರಿಮೆಣಸು. ಅದಕ್ಕೆ ಬದಲಾಗಿ ಚಿನ್ನ ಬೆಳ್ಳಿ ಈ ಕಡೆ ಬಂತು, ಚಿತ್ರದುರ್ಗದ ಹತ್ರ ಚಂದ್ರವಳ್ಳಿ ಅಗೆತದಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ ಸಿಕ್ಕಿದೆ, ಬೆಂಗಳೂರಿನ ಯಶವಂತಪುರದಲ್ಲಿ 19ನೇ ಶತಮಾನದ ಕೊನೇಲಿ ರೋಮನ್ ನಾಣ್ಯಗಳ ಒಂದು ಗಂಟೇ ಸಿಕ್ತು. ಗೋಧಿ ಬಂದಿದ್ದು ತೆರಿಗೆಯಾಗಿ, ಮೆಣಸಿಗೆ ಮಾತ್ರ ಕಾಸು ಎಣಿಸಬೇಕಿತ್ತು, ನಾವು ಅವರ ಪ್ರಾಂತ್ಯ ಆಗಿರಲಿಲ್ಲವಲ್ಲ.

ಕೊನೇದಾಗಿ ಗೋಡೆ. ಕ್ರಿ.ಪೂ. 4ನೇ ಶತಮಾನದ ಹಳೇ ಕೋಟೆ ಗೋಡೆ ಊರು ಬೆಳೆದಂಗೆ ಮನೆಗಳ ಮಧ್ಯೆ ಮುಚ್ಚಿಹೋಯ್ತು, ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ, ಯಾಕಂದ್ರೆ ಆಗ ರೋಮ್‌ನ ಗೋಡೆ ಇದ್ದಿದ್ದು ರೈನ್, ಡಾನ್ಯೂಬ್, ಯೂಫ್ರಟಿಸ್ ನದಿ ದಡಗಳಲ್ಲಿ. ಶತಮಾನಗಟ್ಟಲೆ ರಾಜಧಾನಿ ಬಾಗಿಲಿಲ್ಲದ ಮನೆ ಥರ ಇತ್ತು. ಕ್ರಿ.ಶ. 271ರಲ್ಲಿ ಆರೇಲಿಯನ್ ಸುಮಾರು 19 ಕಿಲೋಮೀಟರ್ ಹೊಸ ಗೋಡೆ ಎಬ್ಬಿಸೋಕೆ ಶುರು ಮಾಡಿದ, ಗಡಿ ಸೋರ್ತಿದೆ ಅನ್ನೋದು ಊರಿನ ಮೈಮೇಲೆ ಕಾಣಿಸ್ತು. ಅವಸರ ಎಷ್ಟಿತ್ತು ಅಂದ್ರೆ ದಾರೀಲಿ ಸಿಕ್ಕಿದ ಕಾಲುವೆ ಕಮಾನು, ಸಮಾಧಿ, ಪಿರಮಿಡ್, ಎಲ್ಲವನ್ನೂ ಗೋಡೆಗೇ ಸೇರಿಸ್ಕೊಂಡು ಕಟ್ಟಿದ್ರು. ತೆಸ್ತಾಚ್ಯೋ ಗುಡ್ಡಕ್ಕೆ ಹೊಸ ಚೂರು ಬೀಳೋದೂ ಹೆಚ್ಚು ಕಮ್ಮಿ ಅದೇ ಹೊತ್ತಿಗೆ, 260ರ ದಶಕದಲ್ಲಿ ನಿಂತಿದೆ.

ಆಮೇಲಿನದ್ದು ಲೆಕ್ಕ ತಿರುಗಿಸಿ ಓದಿದ ಹಾಗೆ. 330ರಲ್ಲಿ ಕಾನ್‌ಸ್ಟಾಂಟಿನೋಪಲ್ ಹೊಸ ರಾಜಧಾನಿ ಆಯ್ತು, ಈಜಿಪ್ಟ್ ಗೋಧಿ ಆ ಕಡೆ ತಿರುಗ್ತು. 439ರಲ್ಲಿ ವ್ಯಾಂಡಲರು ಅನ್ನೋ ಜರ್ಮಾನಿಕ್ ಬುಡಕಟ್ಟಿನವರು ಕಾರ್ಥೇಜ್ ಹಿಡಿದ್ರು, ಆಫ್ರಿಕಾದ ಗೋಧಿ ಎಣ್ಣೆ ರೋಮ್ ಕೈ ತಪ್ತು. ಎಲ್ಲರೂ 410ರಲ್ಲಿ ಗಾತ್ ಅನ್ನೋ ಇನ್ನೊಂದು ಬುಡಕಟ್ಟಿನವರು ರೋಮ್ ಲೂಟಿ ಮಾಡಿದ್ದರ ಬಗ್ಗೆ ಮಾತಾಡ್ತಾರೆ, ಅದು ಮೂರು ದಿನದ್ದು, ಊರನ್ನ ನಿಜವಾಗಿ ಬರಿದು ಮಾಡಿದ್ದು 439 ಅಂತ ನನ್ನ ಅನಿಸಿಕೆ. 537ರಲ್ಲಿ ಮುತ್ತಿಗೆ ಹಾಕಿದ ಗಾತ್‌ಗಳು ಕಾಲುವೆಗಳನ್ನ ಕಡಿದ್ರು, ಗುಡ್ಡದ ಮೇಲಿನ ಬಡಾವಣೆಗಳಿಗೆ ನೀರಿಲ್ಲ ಅಂತಾಯ್ತು, ಉಳಿದ ಸ್ವಲ್ಪ ಜನ ನಿಧಾನಕ್ಕೆ ಕೆಳಗೆ ನದಿ ತಿರುವಿಗೆ ಬಂದು ಸೇರ್ಕೊಂಡ್ರು, ಅಂದ್ರೆ ಮೊದಲು ಊರು ಹುಟ್ಟಿದ ಹಾಗೇ ಮತ್ತೆ ನದಿ ನೀರಿನ ಪಕ್ಕಕ್ಕೆ. ಫೋರಂನಲ್ಲಿ ದನ ಮೇಯ್ತಿದ್ವು, ಆ ಜಾಗಕ್ಕೆ ನೂರಾರು ವರ್ಷ ದನದ ಬಯಲು ಅಂತಲೇ ಹೆಸರಿತ್ತು.

ಆ ರೊಟ್ಟಿಯವನ ಸಮಾಧಿ ಏನಾಯ್ತು ಅಂತ ಹೇಳೋದು ಬಾಕಿ ಇದೆ. 5ನೇ ಶತಮಾನದ ಶುರುವಲ್ಲಿ ಹೊನೋರಿಯಸ್ ಚಕ್ರವರ್ತಿ ಹೆಬ್ಬಾಗಿಲನ್ನ ಭದ್ರ ಮಾಡಿಸೋವಾಗ ಅದರ ಮೇಲೆಯೇ ಕಾವಲು ಬುರುಜು ಕಟ್ಟಿದ್ರು, ಬೀಸೋ ಕಲ್ಲು, ಕತ್ತೆ, ತಕ್ಕಡಿ, ಎಲ್ಲ ಬುರುಜಿನ ಹೊಟ್ಟೆಯೊಳಗೆ ಮುಚ್ಚಿಹೋಯ್ತು. 1838ರಲ್ಲಿ ಆ ಬುರುಜು ಕೆಡವಿದಾಗ ರೊಟ್ಟಿ ತೂಗ್ತಿರೋ ಜನ ಮತ್ತೆ ಬೆಳಕಿಗೆ ಬಂದ್ರು, ಈಗ ಅವರ ಪಕ್ಕದಲ್ಲೇ ಟ್ರಾಮ್ ಓಡಾಡುತ್ತೆ.